ಭಾನುವಾರದ ಬಾಗಿಲು

ರೀಟ್‌ಕರ್ಕೆ
೧೪ ನವೆಂಬರ್ ೨೦೦೨, ಗುರುವಾರ

ನನ್ನ ಮುದ್ದು ರೂಲೀನ್,

ಹೇಗಿದ್ದೀಯ ಮಗಳೇ? ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಯಾಕೆಂದರೆ ಕೇಳದೆ ಪತ್ರ ಶುರುಮಾಡುವುದು ನನಗೆ ಬರುವುದಿಲ್ಲ. ಊಟ ಮಾಡುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ಈ ಥಂಡಿಗೆ ನಿನ್ನ ಎಡಮಂಡಿ ಹಿಡಿದುಕೊಂಡಿರಬೇಕು. ನನ್ನ ಬೆರಳಿನ ಗೆಣ್ಣು ನೋಯಲು ಶುರುವಾದರೆ ಸಾಕು, ಅಲ್ಲಿ ನಿನ್ನ ಮಂಡಿಯೂ ನೋಯುತ್ತಿದೆ ಎಂದು ನನಗೆ ಗೊತ್ತಾಗಿಬಿಡುತ್ತದೆ. ಉಣ್ಣೆಯ ಪಟ್ಟಿ ಸುತ್ತಿಕೋ. ಹೋದ ವರ್ಷ ನಾನು ಹೆಣೆದುಕೊಟ್ಟ ಆ ಬೂದು ಬಣ್ಣದ್ದು, ನೋಡಿದ ಕೂಡಲೇ ನೀನು ಮುಖ ಹುಳ್ಳಗೆ ಮಾಡಿದ್ದೆಯಲ್ಲ, ಅದೇ. ಮನೆಯೊಳಗೆ ಅದನ್ನು ಯಾರು ನೋಡುತ್ತಾರೆ? ಅಷ್ಟಕ್ಕೂ ಈಗ ನಿನ್ನ ಮನೆಯೊಳಗಿನದು ಯಾರಿಗೂ ಕಾಣುವ ಹಾಗಿಲ್ಲ.

ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ ಅಂದುಕೋ. ನಿಮ್ಮಪ್ಪನಿಗೆ ಕೆಮ್ಮು. ಆದರೂ ಬೆಳಗಾಗುವುದಕ್ಕೆ ಮೊದಲೇ ಕೊಟ್ಟಿಗೆಗೆ ಹೋಗುವುದನ್ನು ಬಿಟ್ಟಿಲ್ಲ. ನಿನ್ನ ಅಣ್ಣ ಬೆರೆಂಡ್ ದಿನವೂ ಗೋಗರೆಯುತ್ತಾನೆ, "ಅಪ್ಪಾ, ಹಾಲು ಕರೆಯೋದು ಈಗ ಮಿಷನ್ನು, ನೀನು ಮಲ್ಕೋ ಬಾರದಾ?" ಎಂದು. "ಮಿಷನ್ ಬಂತು ಅಂತ ಹಸು ನಿನ್ನ ಮಾತು ಕೇಳುತ್ತೇನೋ?" ಎಂದು ಇವರ ಉತ್ತರ. ಪಕ್ಕದ ಮನೆಯ ಲಮ್ಮಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಯಿತು. ಸೊಂಟ ಹೊಸದು, ನಾಲಿಗೆ ಹಳೆಯದೇ. ಮೊನ್ನೆ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಅಂದರೆ ಹಿತ್ತಲಿನ ಕೇಲ್ ಸೊಪ್ಪಿಗೆ ಈಗ ಸಿಹಿ ಬಂದಿರುತ್ತದೆ. ಕಿತ್ತು ತಂದು, ಆಲೂಗಡ್ಡೆ ಜೊತೆ ಹಿಸುಕಿ, ಮೇಲೆ ಹೊಗೆ ಹಾಕಿದ ಸಾಸೇಜ್ ಇಟ್ಟು ಬಡಿಸಿದೆ. ಕೇಲ್ ಮಾಡಿದ ದಿನ ನೀನು ಸಾಸೇಜಿನ ತುದಿ ಕದಿಯಲು ಅಡುಗೆಮನೆಗೆ ಬರುತ್ತಿದ್ದೆ, ಅದು ನೆನಪಾಯಿತು.

ಈಗ ಮಂಗಳವಾರದ ಮಾತು. ನಾನು ಬಂದಿದ್ದೆ, ನಿನಗೆ ಗೊತ್ತು. ಬೆರೆಂಡ್ ಕಾರಿನಲ್ಲಿ ಕರೆತಂದು ಬಿಟ್ಟು ಮೇವಿನ ಅಂಗಡಿಗೆ ಹೋದ. ಬೀದಿಯ ತಿರುವಿನಿಂದಲೇ ನಿನ್ನ ಮನೆ ಗುರುತು ಸಿಕ್ಕಿತು, ಯಾಕೆಂದರೆ ಇಡೀ ಸಾಲಿನಲ್ಲಿ ಪರದೆ ಎಳೆದಿದ್ದ ಮನೆ ಅದೊಂದೇ. ನಮ್ಮ ಜನ ಹಗಲುಹೊತ್ತಿನಲ್ಲಿ ಪರದೆ ಎಳೆಯುವುದು ಯಾವಾಗ ಎಂದು ನಿನಗೆ ನಾನು ಹೇಳಿಕೊಡಬೇಕೇ? ಒಳಗೆ ಹೆಣ ಇದ್ದಾಗ. ನಿನ್ನ ಅಜ್ಜಿ ತೀರಿಕೊಂಡಾಗ ನಾನೇ ಎಳೆದಿದ್ದೆ, ಮಣ್ಣು ಮಾಡಿ ಬಂದ ಮೇಲೆ ನಾನೇ ತೆಗೆದಿದ್ದೆ. ಗಂಟೆ ಒತ್ತಿದೆ, ಬಾಗಿಲು ಬಡಿದೆ, ಕೊನೆಗೆ ಬಾಗಿಲಲ್ಲಿ ಟಪಾಲು ಹಾಕುವ ಕಿಂಡಿಯ ಮುಂದೆ ಮಂಡಿಯೂರಿ ಕೂಗಿದೆ, "ರೂಲೀ, ಅಮ್ಮ ಬಂದಿದೀನಿ ಕಣೇ, ತೆಗಿಯೇ." ಕಿಂಡಿಯಿಂದ ನಿನ್ನ ಆಟದ ಬೂಟು ಕಾಣಿಸಿತು, ಮಣ್ಣು ಒಣಗಿ ಹಾಗೇ ಅಂಟಿಕೊಂಡಿತ್ತು. ಎಂಥ ಸೋಲಾದರೂ ಬೂಟು ತೊಳೆಯದೆ ಊಟಕ್ಕೆ ಕೂರದವಳು ನೀನು. ಅದನ್ನು ಕಂಡು ನನಗೆ ಪರದೆ ನೋಡಿದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಎದುರುಮನೆಯ ಗಂಡಸೊಬ್ಬ ನಾಯಿ ಹಿಡಿದು ಬಂದವನು, "ಮನೇಲಿ ಯಾರಾದ್ರೂ ತೀರ್ಕೊಂಡ್ರಾ, ಅಮ್ಮಾ?" ಎಂದು ಕೇಳಿದ. ಕೈಯಲ್ಲಿದ್ದ ಸೂಪಿನ ಪಾತ್ರೆಯಿಂದಲೇ ಅವನ ತಲೆಗೆ ಬಾರಿಸಬೇಕು ಅನ್ನಿಸಿತು. ಮೇಲಿನ ಕೋಣೆಯ ಪರದೆ ಒಂದು ಸಲ ಅಲುಗಾಡಿತು. ಹಾಗಾದರೆ ಬದುಕಿದ್ದಾಳೆ ಎಂದುಕೊಂಡು, ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೊರಟೆ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಬೆರೆಂಡ್ ತನ್ನ ಕರ್ಚೀಫು ಕೊಟ್ಟ, ಅದೂ ಹಸುವಿನ ವಾಸನೆ.

ನಿನ್ನ ಸುದ್ದಿಯೆಲ್ಲ ನನಗೆ ಟ್ರೂಸ್‌ಳಿಂದ ತಿಳಿಯುತ್ತಿದೆ. ಬೈಯಬೇಡ ಅವಳಿಗೆ. ದೇಶದ ಫುಟ್‌ಬಾಲ್ ತಂಡದಲ್ಲಿ ನಿನ್ನ ಬೆನ್ನ ಹಿಂದೆ ಅಷ್ಟು ವರ್ಷ ಗೋಲು ಕಾದವಳು ಈಗಲೂ ಕಾಯುತ್ತಿದ್ದಾಳೆ, ಅಷ್ಟೆ. ದಕ್ಷಿಣದವಳು, ಕ್ಯಾಥೊಲಿಕ್, ಫೋನಿನಲ್ಲಿ ನಕ್ಕರೆ ನಿಮ್ಮಪ್ಪನ ಬೈಬಲ್ ಓದು ನಿಂತುಹೋಗುತ್ತದೆ. ಈಚೆಗೆ ಅವಳೂ ನಗುವುದಿಲ್ಲ. "ಅಮ್ಮಾ, ವಾರದ ದಿನ ನಾನು ಕೆಲಸ ಮುಗಿಸಿ ಬಂದು ಬಾಗಿಲ ಹೊರಗಾದ್ರೂ ಕೂತು ಮಾತಾಡ್ತೀನಿ. ಒಂದೊಂದ್ಸಲ ಒಳಗಿಂದ ಹ್ಞೂಂ ಅಂತಾಳೆ. ಭಾನುವಾರ ನಾನು ಆಟ ಕಲಿಸೋ ಹುಡುಗೀರ ಪಂದ್ಯ ಇರುತ್ತಲ್ಲ, ಬರಕ್ಕಾಗಲ್ಲ. ಅವತ್ತೇ ಅವಳು ತೀರಾ ಕೆಟ್ಟಿರ್ತಾಳೆ. ಬೆಳಗ್ಗೆ ಎದ್ದು ಆಟದ ಬಟ್ಟೆ ಹಾಕ್ಕೊಂಡು, ಬ್ಯಾಗು ಪಕ್ಕದಲ್ಲಿಟ್ಕೊಂಡು, ಮುಂಬಾಗಿಲ ಒಳಗಡೆ ಕತ್ತಲಾಗೋವರ್ಗೂ ಕೂತಿರ್ತಾಳಂತೆ. ಅವಳೇ ಹೇಳಿದ್ದು," ಎಂದು ಹೇಳಿದಳು. ಅದನ್ನು ಕೇಳಿದಾಗಿನಿಂದ ಆ ಚಿತ್ರ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಭಾನುವಾರ! ಈ ಒಂದು ದಿನ ನಮ್ಮ ಮನೆಯನ್ನು ಎಷ್ಟು ತಿಂದಿದೆ. ನಮ್ಮೂರಿನದು ಶನಿವಾರ ಮಾತ್ರ ಆಡುವ ಕ್ಲಬ್ಬು. ಭಾನುವಾರ ದೇವರ ದಿನ, ಅವತ್ತು ಚೆಂಡಿರಲಿ, ಸೈಕಲ್ಲೂ ಹೊರಗೆ ಬರುವುದಿಲ್ಲ, ಒಗೆದ ಬಟ್ಟೆಯೂ ತಂತಿಯ ಮೇಲೆ ಇರಬಾರದು. ಬೆರೆಂಡ್ ಶನಿವಾರ ಆಡುತ್ತಿದ್ದಾಗ ನೀನು ಮರದ ಮೆಟ್ಟು ಹಾಕಿಕೊಂಡೇ ಗೆರೆಯಾಚೆ ಓಡುತ್ತಿದ್ದೆ, ಹೊರಗೆ ಬಂದ ಚೆಂಡನ್ನು ಒದೆದರೆ ಅದು ನೇರವಾಗಿ ಮೈದಾನದ ನಡುವೆ ಹೋಗಿ ಬೀಳುತ್ತಿತ್ತು. ನಿಮ್ಮಪ್ಪ ಜೇಬಿನಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದರು. ಒಂದು ಸಲ ಮನೆಗೆ ಬಂದು ನನ್ನ ಹತ್ತಿರ, "ಆ ಹುಡುಗೀಗೆ ಕಾಲಿದೆ ಕಣೆ, ಆಲ್ಚೆ," ಎಂದರು. ನೀನು ನಂಬುವುದಿಲ್ಲ, ಆದರೆ ಎಂದರು. ನಿನ್ನನ್ನು ಸೇರಿಸಿಕೊಳ್ಳಿ ಎಂದು ಬೆರೆಂಡ್ ಕ್ಲಬ್ಬಿನವರನ್ನು ಕೇಳಿದ್ದಕ್ಕೆ, ಹುಡುಗಿಯರು ಕ್ಯಾಂಟೀನಿನಲ್ಲಿ ಕಾಫಿ ಮಾಡಲಿ ಎಂದು ನಕ್ಕರು. ಹುಡುಗಿಯರ ತಂಡ ಇದ್ದದ್ದು ಪಟ್ಟಣದಲ್ಲಿ, ಆಡುತ್ತಿದ್ದದ್ದು ಭಾನುವಾರ. ಶನಿವಾರ ಊರಿನವರಿಗೆ ನೀನು ಬೇಡ, ಭಾನುವಾರ ದೇವರಿಗೆ ಆಟ ಬೇಡ. ಹಾಗಾದರೆ ನನ್ನ ಮಗಳು ಯಾವ ವಾರ ಆಡಬೇಕಿತ್ತು ಎಂದು ನಾನು ಯಾರನ್ನು ಕೇಳಲಿ?

ಆ ಕಿತ್ತಳೆ ಬಣ್ಣದ ಅಂಗಿ ನೆನಪಿದೆಯಾ? ದೇಶಕ್ಕೆ ಆಡಿ ಬಂದು ಮೊದಲ ಸಲ ತೊಳೆಯಲು ಕೊಟ್ಟೆ. ಸೋಮವಾರ ಒಗೆದೆ. ತಂತಿಯ ಮೇಲೆ ಹಾಗೇ ಹಾಕಿದರೆ ಊರಿಗೆಲ್ಲ ಡಂಗುರ ಹೊಡೆದಂತೆ ಎಂದು ದಿಂಬಿನ ಚೀಲದೊಳಗೆ ಸೇರಿಸಿ ಒಣಗಲು ಹಾಕಿದೆ. ಗಾಳಿ ಎದ್ದು ಒಂದು ತೋಳನ್ನು ಹೊರಗೆಳೆಯಿತು. ತಪ್ಪು ನನ್ನದಲ್ಲ, ಗಾಳಿಯದು. ಲಮ್ಮಿ ಬೇಲಿಯಾಚೆಯಿಂದ, "ಆಲ್ಚೆ, ನಿನ್ನ ದಿಂಬು ನಂಗೆ ಕೈ ಬೀಸ್ತಾ ಇದೆ ನೋಡೇ," ಎಂದಳು. ಸಂಜೆಗೆ ಚರ್ಚಿನ ಹಿರಿಯರಿಬ್ಬರು ಕಪ್ಪು ಕೋಟು ತೊಟ್ಟು ಮನೆಗೆ ಬಂದರು. ನಾನು ಕಾಫಿ ಕೊಟ್ಟೆ, ತಲೆಗೊಂದು ಬಿಸ್ಕೆಟ್ ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದೆ. ಅವರಿಗೆ ಎರಡನೆಯದು ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಭಾನುವಾರ ಆಡುವ ಮಗಳ ಬಗ್ಗೆ ಅವರು ಹೇಳಿದ್ದನ್ನೆಲ್ಲ ನಿಮ್ಮಪ್ಪ ತಲೆತಗ್ಗಿಸಿ ಕೇಳಿದರು. ಅವರೂ ಹಿರಿಯರ ಸಾಲಿನಲ್ಲಿ ಕೂರುವವರೇ ಅಲ್ಲವೇ? ಬಂದವರು ಹೋದ ಮೇಲೆ ನಿಮ್ಮಪ್ಪ ನಿನ್ನನ್ನು ಕರೆದು ಹೇಳಿದ ಮಾತು ನಿನಗೂ ನನಗೂ ಬಾಯಿಪಾಠ. "ವಾರದಲ್ಲಿ ಯಾವತ್ತಾದ್ರೂ ಬಾ, ಇದು ನಿನ್ನ ಮನೆ. ಭಾನುವಾರ ಮಾತ್ರ ಈ ಬಾಗ್ಲು ನಿಂಗೆ ತೆಗಿಯಲ್ಲ." ನೀನು ಕೂಗಾಡಲಿಲ್ಲ. "ಸರಿ ಅಪ್ಪ," ಎಂದೆ. ಅಪ್ಪ ಮಗಳು ಇಬ್ಬರೂ ಒಂದೇ ಜಾತಿಯ ಹಠದವರು. ಅಂದಿನಿಂದ ಇಂದಿನವರೆಗೆ ಒಂದು ಭಾನುವಾರವೂ ನೀನು ಈ ಹೊಸ್ತಿಲು ತುಳಿದಿಲ್ಲ. ನಿನ್ನ ಹುಟ್ಟುಹಬ್ಬ ಭಾನುವಾರ ಬಿದ್ದ ವರ್ಷ ನಾನು ಸೇಬಿನ ಕೇಕ್ ಮಾಡಿ, ಕುರ್ಚಿಗಳನ್ನು ಸುತ್ತಲೂ ಹಾಕಿ, ಮರುದಿನದವರೆಗೆ ಹಾಗೇ ಬಿಟ್ಟಿದ್ದೆ.

ನೀನು ಆಡಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅದೂ ಲಮ್ಮಿಯ ಮನೆಯಲ್ಲಿ. ಟಿವಿಯೇ ಕೂಡದು ಎನ್ನುವ ಚರ್ಚಿನವರು ಬಂದರೆ ಕಾಣದಿರಲಿ ಎಂದು ಅವಳು ಟಿವಿಯನ್ನು ಹಾಸಿಗೆ ಬಟ್ಟೆಯ ಬೀರುವಿನಲ್ಲಿ ಇಟ್ಟಿದ್ದಳಲ್ಲ. ಒಂದು ಬುಧವಾರ ಓಡಿಬಂದು, "ಬೇಗ ಬಾರೆ, ನಿನ್ನ ಮಗಳು ನನ್ನ ದುಪ್ಪಟಿ ಮಧ್ಯೆ ಓಡ್ತಾ ಇದಾಳೆ," ಎಂದು ಎಳೆದುಕೊಂಡು ಹೋದಳು. ಹಿಟ್ಟಿನ ಕೈಯಲ್ಲೇ ಹೋದೆ. ನೀನು ಕೂದಲು ಹಿಂದಕ್ಕೆ ಕಟ್ಟಿಕೊಂಡು ಎಡಬದಿಯಿಂದ ಓಡುತ್ತಿದ್ದೆ, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು. ಚಿಕ್ಕವಳಿದ್ದಾಗ ಸೂಜಿಗೆ ದಾರ ಪೋಣಿಸುವಾಗ ಹಾಗೆ ಮಾಡುತ್ತಿದ್ದೆ. ಗೋಲಾಯಿತೋ ಇಲ್ಲವೋ ನನಗೆ ನೆನಪಿಲ್ಲ. ನನ್ನ ಮಗಳು ಇಷ್ಟು ಸಂತೋಷವಾಗಿರಬಲ್ಲಳು ಎನ್ನುವುದು ನನಗೆ ಗೊತ್ತೇ ಇರಲಿಲ್ಲ, ಅದು ಮಾತ್ರ ನೆನಪಿದೆ. ಮನೆಗೆ ಬಂದು ಹಿಟ್ಟು ನಾದುತ್ತಾ ಅತ್ತೆ.

ಆಮೇಲಿನದು ನಿನಗೇ ಗೊತ್ತು, ಆದರೂ ಬರೆಯುತ್ತೇನೆ, ನಿನ್ನ ಬದುಕು ನನಗೆ ಎಷ್ಟು ಗೊತ್ತಿದೆ ಎಂದು ನಿನಗೆ ತಿಳಿಯಲಿ. ಶಾಲೆಯಲ್ಲಿ ವ್ಯಾಯಾಮ ಕಲಿಸಿ, ರಜೆ ಬೇಡಿ, ನಿನ್ನ ಕೈಯ ದುಡ್ಡಿನಿಂದಲೇ ಬೂಟು ಕೊಂಡು ದೇಶಕ್ಕೆ ಆಡಿದೆ. ಗಂಡಸರು ಆಡಿದರೆ ಬೀದಿಯೆಲ್ಲ ಕಿತ್ತಳೆ ಬಣ್ಣ, ನೀವು ಆಡಿದರೆ ನೋಡಲು ನಿಮ್ಮ ನಿಮ್ಮ ಮನೆಯವರು. ನಿನಗೆ ಆ ಮನೆಯವರೂ ಇಲ್ಲ. ನಾರ್ವೆಯವರ ಮೇಲೆ ಆಡುವಾಗ ಮಂಡಿ ಮುರಿಯಿತು. ನೋವಿದೆ ಎಂದು ನೀನು ಮೊದಲೇ ಹೇಳಿದ್ದರೆ ನಿಮ್ಮ ಕೋಚ್ ಆಚೆ ಕೂರಿಸುತ್ತಿದ್ದರು, ನೀನು ಬಾಯಿ ಬಿಡಲಿಲ್ಲ. ಅದು ಭಾನುವಾರ. ನಮಗೆ ತಿಳಿದದ್ದು ಸೋಮವಾರ. ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ, ನೀನು ಕೋಚ್ ಆಗುವ ತರಬೇತಿಗೆ ಹೋದೆ. ತರಗತಿಯಲ್ಲಿ ನೀನೊಬ್ಬಳೇ ಹೆಂಗಸು. ಮೊದಲ ದಿನ ಯಾರೋ ಒಬ್ಬ, "ನಂಗೆ ಹಾಲು ಬೇಡಮ್ಮಾ, ಸಕ್ಕರೆ ಎರಡು," ಎಂದನಂತೆ. ನೀನು ಕಾಫಿ ತಂದುಕೊಟ್ಟು ಅವನ ಪಕ್ಕದ ಕುರ್ಚಿಯಲ್ಲೇ ಪುಸ್ತಕ ಬಿಚ್ಚಿ ಕೂತೆಯಂತೆ. ಇದನ್ನು ನಾನು ಲಮ್ಮಿಗೆ ಎಷ್ಟು ಸಲ ಹೇಳಿದ್ದೇನೋ, ಅವಳೀಗ ಅದು ತನಗೇ ಆದದ್ದೆಂಬಂತೆ ಹೇಳಿಕೊಂಡು ತಿರುಗುತ್ತಾಳೆ. ನೀನು ಕೋಚ್ ಆಗಿದ್ದ ಹುಡುಗಿಯರ ತಂಡ ಗೆದ್ದ ವರ್ಷ ನೀನು ಸೋಮವಾರ ಬಂದು ಅಡುಗೆಮನೆಯಲ್ಲಿ ಮಕ್ಕಳ ಹಾಗೆ ಕುಣಿದೆ. ನಿಮ್ಮಪ್ಪ ಕೊಟ್ಟಿಗೆಯಿಂದ ಬಂದು, ಹಾಲು ಕುಡಿದು, ಲೋಟ ಇಟ್ಟು ಮತ್ತೆ ಕೊಟ್ಟಿಗೆಗೆ ಹೋದರು. ನಿನ್ನ ಕುಣಿತ ನಿಂತದ್ದನ್ನು ನಾನು ನೋಡಿದೆ.

ಸೆಪ್ಟೆಂಬರಿನ ಆ ಪಂದ್ಯದ ಕಥೆಯನ್ನು ಟ್ರೂಸ್ ನನಗೆ ಪೂರ್ತಿ ಹೇಳಿದ್ದಾಳೆ. ಪತ್ರಿಕೆಯಲ್ಲಿ ಬಂದದ್ದನ್ನು ಮಾತ್ರ ನಂಬಿದ್ದರೆ ನನ್ನ ಮಗಳು ರಾಕ್ಷಸಿ ಎಂದೇ ನಾನೂ ಅಂದುಕೊಳ್ಳಬೇಕಿತ್ತು. ಸನ್ನೆ ಎಂಬ ಹತ್ತೊಂಬತ್ತು ವರ್ಷದ ಆ ಕೆಂಪು ಕೂದಲಿನ ಹುಡುಗಿ ಮಂಡಿ ನೋಯುತ್ತಿದೆ ಎಂದು ಆಟದ ನಡುವಿನ ವಿರಾಮದಲ್ಲಿ ಐಸು ಇಟ್ಟುಕೊಂಡು ಕೂತಿದ್ದಳಂತೆ. ಇನ್ನು ಆಡುವುದು ಬೇಡ ಎಂದು ವೈದ್ಯ ಹೇಳಿದನಂತೆ. ನೀನೂ ಬೇಡ ಎಂದೆಯಂತೆ. ಅವಳು ನಿನ್ನ ಕೈ ಹಿಡಿದುಕೊಂಡು, "ತೆಗೀಬೇಡಿ ಕೋಚ್, ದಮ್ಮಯ್ಯ ಅಂತೀನಿ. ನಮ್ಮಪ್ಪ ಬಂದಿದಾರೆ ಇವತ್ತು. ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಬಂದಿದಾರೆ," ಎಂದಳಂತೆ. ನೀನು ಕೊನೆಗೆ, "ಹೋಗು," ಎಂದೆಯಂತೆ. ಆ ಒಂದು ಮಾತಿಗೆ ಆ ಹುಡುಗಿಯ ಮಂಡಿ ಹೋಯಿತು. ಅವಳು ಇನ್ನು ಆಡುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಕ್ಲಬ್ಬು ನಿನ್ನನ್ನು ಕೆಲಸದಿಂದ ತೆಗೆಯಿತು. ಅವಳ ಅಪ್ಪ ನಿನ್ನ ಮುಖಕ್ಕೆ ಉಗಿದದ್ದನ್ನೂ ಟ್ರೂಸ್ ಮುಚ್ಚಿಡಲಿಲ್ಲ. ನೀನು ಮಾಡಿದ್ದು ತಪ್ಪಲ್ಲ ಎಂದು ನಾನು ಹೇಳುವುದಿಲ್ಲ, ಮಗಳೇ. ತಪ್ಪೇ. ಬೇರೆಯವರ ಮಗಳ ಕಾಲು ಅದು. ಆದರೆ ನೀನು ಯಾಕೆ ಹೋಗು ಎಂದೆ ಎನ್ನುವುದು ಈ ದೇಶದಲ್ಲಿ ಬೇರೆ ಯಾರಿಗೂ ಅರ್ಥವಾಗದಿದ್ದರೂ ನನಗೆ ಅರ್ಥವಾಗುತ್ತದೆ.

ಇಲ್ಲಿ ಆ ಸುದ್ದಿ ಬಂದಾಗ ನಾವು ಕಾಫಿ ಕುಡಿಯುತ್ತಿದ್ದೆವು. ಫೋನಿನಲ್ಲಿ ಕೇಳಿದ್ದನ್ನು ನಾನು ನಿಮ್ಮಪ್ಪನಿಗೆ ಹೇಳಿದೆ. ಅವರು ಬಟ್ಟಲು ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಭಾನುವಾರ ಅಲ್ವಾ?" ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಎರಡನೆಯ ಬಟ್ಟಲು ಕಾಫಿ ಹಾಕದೆ ಎದ್ದದ್ದು ಅವತ್ತೇ. "ಹೌದು ಹಾರ್ಮ್, ಭಾನುವಾರ. ಆ ಹುಡುಗಿ ಅಪ್ಪ ಬಂದಿದ್ದ. ನಮ್ಮ ಹುಡುಗಿ ಅಪ್ಪ ಬರ್ಲಿಲ್ಲ. ಅದಕ್ಕೇ ಅವಳ ಬಾಯಲ್ಲಿ ಬೇಡ ಅನ್ನೋ ಮಾತು ಉಳೀಲಿಲ್ಲ. ನಿಮ್ಗೆ ಅರ್ಥ ಆಯ್ತಾ?" ಎಂದೆ. ಅವರು ಟೋಪಿ ಹಾಕಿಕೊಂಡು ಕೊಟ್ಟಿಗೆಗೆ ಹೋದರು. ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಮಾಡುವ ಕೆಲಸ ಒಂದೂ ಇರಲಿಲ್ಲ.

ಅವರು ಕಲ್ಲಲ್ಲ, ರೂಲೀ. ಕಲ್ಲಾಗಿದ್ದರೆ ನನಗೆ ಸುಲಭವಿತ್ತು. ಪ್ರತಿ ಭಾನುವಾರ ಊಟವಾದ ಮೇಲಿನ ಪ್ರಾರ್ಥನೆಯಲ್ಲಿ ಅವರು ಕೊನೆಗೆ ಒಂದು ಸಾಲು ಸೇರಿಸುತ್ತಾರೆ: "ದಾರಿಯಲ್ಲಿರೋರನ್ನ ಕಾಪಾಡು, ಕರ್ತನೇ." ನೀನು ಮನೆ ಬಿಟ್ಟ ವರ್ಷ ಶುರುವಾದದ್ದು. ಯಾರು ಆ ದಾರಿಯಲ್ಲಿರುವವರು ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ದೇವರಿಗೆ ಹೇಳುವಷ್ಟು ಬಾಯಿದೆ, ಮಗಳಿಗೆ ಹೇಳುವಷ್ಟು ಇಲ್ಲ. ನಾನು ಇಬ್ಬರ ನಡುವೆ ಕೂತು ಕೂತು ಮುದುಕಿಯಾದೆ. ಎಲ್ಲ ಸರಿಹೋಗುತ್ತದೆ ಎಂದು ಬರೆಯಲು ಪೆನ್ನು ಎತ್ತಿದೆ, ಕೈ ಬರಲಿಲ್ಲ. ಸನ್ನೆಯ ಕಾಲು ಸರಿಹೋಗುವುದಿಲ್ಲ. ನಿನ್ನನ್ನು ಯಾವ ಕ್ಲಬ್ಬೂ ಕರೆಯುವುದಿಲ್ಲ, ಟ್ರೂಸ್ ಕೂಡ ಹಾಗೇ ಅನ್ನುತ್ತಾಳೆ. ನಿಮ್ಮಪ್ಪ ಬದಲಾಗುವ ವಯಸ್ಸು ದಾಟಿದ್ದಾರೆ. ನನಗೆ ಯಾವ ದಿಕ್ಕಿನಲ್ಲೂ ಬೆಳಕು ಕಾಣುತ್ತಿಲ್ಲ, ಸುಳ್ಳು ಹೇಳುವುದಿಲ್ಲ. ನೀನು ಬದುಕಿರಬೇಕು, ಅಷ್ಟೇ ನನಗೆ ಬೇಕಾಗಿರುವುದು. ಗೆಲ್ಲುವುದು ಬೇಡ, ಕೆಲಸ ಬೇಡ, ಸುಮ್ಮನೆ ಬದುಕಿರು.

ನಿನ್ನೆ ಸಂಜೆ ಟ್ರೂಸ್ ಫೋನ್ ಮಾಡಿದ್ದಳು. ಮೆಟ್ಟಿಲ ಮೇಲೆ ನನ್ನ ಪಾತ್ರೆ ತೊಳೆದು ಬೋರಲು ಹಾಕಿತ್ತಂತೆ. ಸೂಪನ್ನು ನೀನೇ ತಿಂದೆಯೋ, ಸಿಂಕಿಗೆ ಸುರಿದೆಯೋ ಅವಳಿಗೂ ಗೊತ್ತಿಲ್ಲ. ಆದರೂ ಪಾತ್ರೆ ತೊಳೆದಿದ್ದಳಾ ಎಂದು ನಾನು ಮತ್ತೆ ಮತ್ತೆ ಕೇಳಿದೆ. "ಫಳಫಳ ಅಂತಿದೆ ಅಮ್ಮಾ," ಎಂದಳು. ಆ ಮಾತು ಹಿಡಿದುಕೊಂಡು ಇವತ್ತು ಈ ಪತ್ರ ಬರೆಯಲು ಕೂತಿದ್ದೇನೆ.

ಬೆರೆಂಡ್ ಕೇಳಿದ್ದಾನೆಂದು ಹೇಳು ಎಂದ. ಲಮ್ಮಿಯೂ ಕೇಳಿದ್ದಾಳೆ, ಈ ಸಲ ಸುದ್ದಿಗಾಗಿ ಅಲ್ಲ. ದೇವರು ನಿನ್ನ ಮೇಲೆ ಕಣ್ಣಿಟ್ಟಿರಲಿ; ಅವನಿಗೆ ಪುರುಸೊತ್ತಿಲ್ಲದಿದ್ದರೆ ನಾನಿದ್ದೇನೆ.

ನಿನ್ನ
ಅಮ್ಮ

ಇನ್ನೊಂದು ಮಾತು, ಅವಸರದಲ್ಲಿ, ಟಪಾಲಿನವನು ಬರುವ ಹೊತ್ತಾಯಿತು. ಇದು ನಿನಗೆ ಶನಿವಾರ ಸೇರುತ್ತದೆ. ಭಾನುವಾರ ನಾನು ಬರುತ್ತಿದ್ದೇನೆ. ಬೆರೆಂಡ್‌ನನ್ನು ಕೇಳಿಲ್ಲ, ಅವನನ್ನು ಇದಕ್ಕೆ ಎಳೆಯುವುದಿಲ್ಲ. ಊರೊಳಗೆ ಅವತ್ತು ಬಸ್ಸು ಬರುವುದಿಲ್ಲ, ಹೆದ್ದಾರಿಯವರೆಗೆ ನಡೆದು ಹೋಗಿ ಹಿಡಿಯುತ್ತೇನೆ, ಆಮೇಲೆ ರೈಲು. ಚರ್ಚಿಗೆ ಹೋಗುವ ಹೊತ್ತು ಅದು. ಇಡೀ ಊರು ಕಪ್ಪು ಬಟ್ಟೆ ತೊಟ್ಟು ಆ ಕಡೆ ಹೋಗುತ್ತಿರುತ್ತದೆ, ನಾನು ಸೂಪಿನ ಪಾತ್ರೆ ಹಿಡಿದು ಈ ಕಡೆ ಬರುತ್ತಿರುತ್ತೇನೆ. ನೋಡಲಿ. ನಿಮ್ಮಪ್ಪನಿಗೆ ಈಗ ತಾನೇ ಹೇಳಿದೆ. "ಭಾನುವಾರನಾ?" ಎಂದರು. "ಭಾನುವಾರಾನೇ," ಎಂದೆ. ಮತ್ತೆ ಕೊಟ್ಟಿಗೆಗೆ ಹೋಗಿದ್ದಾರೆ. ಸಂಜೆ ವಾಪಸು ಬಂದರೆ ನನಗೂ ಈ ಬಾಗಿಲು ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ರಾತ್ರಿಯ ಅಂಗಿಯನ್ನೂ ಕಟ್ಟಿಕೊಂಡಿದ್ದೇನೆ. ಊಟದ ಮೇಲೆ ಅವರು ಪ್ರಾರ್ಥನೆ ಮಾಡುವಾಗ ದಾರಿಯಲ್ಲಿ ನಾನಿರುತ್ತೇನೆ. ನೀನು ಹೇಗಿದ್ದರೂ ಬ್ಯಾಗಿಟ್ಟುಕೊಂಡು ಬಾಗಿಲ ಹತ್ತಿರವೇ ಕೂತಿರುತ್ತೀಯಲ್ಲ, ಏಳುವ ಕಷ್ಟವೂ ಇಲ್ಲ. ಈ ಸಲ ಪಾತ್ರೆ ತೊಳೆದು ಹೊರಗಿಡಬೇಡ, ರೂಲೀ. ಬಾಗಿಲು ತೆಗೆ.